ದೊಡ್ಮನೆಯ ಹಿತ್ತಲಿಗೊಂದು ಕೊಳ

ಅಗೆಯಬೇಕು ಅನ್ನುವವಳು ನಾನು, ಅಗೆಯಬಾರದು ಅನ್ನುವವರು ಜಗದಾಂಬಮ್ಮ. ಆ ಬೇಸಿಗೆಯಿಂದ ದೀಪಾವಳಿಯ ತನಕ ನನ್ನ ಬದುಕೆಂದರೆ ಇಷ್ಟೇ ಆಗಿಹೋಗಿತ್ತು. ನಮ್ಮಿಬ್ಬರ ನಡುವೆ ಒಂದು ಹಿತ್ತಲು, ಆ ಹಿತ್ತಲಿನ ಮೇಲೆ ನಾನು ಎಳೆಯುವ ಸುಣ್ಣದ ಗೆರೆ, ಮರುದಿನ ಅದನ್ನು ಕಾಲಲ್ಲಿ ಅಳಿಸಿ ಹಾಕುವ ಆ ಮುದುಕಿ. ಮುದುಕಿ ಅಂದದ್ದಕ್ಕೆ ಕ್ಷಮೆ ಇರಲಿ. ಆಗ ಅದಕ್ಕಿಂತ ಕೆಟ್ಟ ಮಾತುಗಳನ್ನೇ ಅಂದುಕೊಂಡಿದ್ದೆ.

ನಾನು ಗಂಗಾಶ್ರೀ. ಮನೆಗಳ ಸುತ್ತ ತೋಟ ವಿನ್ಯಾಸ ಮಾಡುವುದು ನನ್ನ ಕೆಲಸ. ಹೀಗೆ ಹೇಳಿದ ತಕ್ಷಣ ನಮ್ಮ ಸೊರಬದಲ್ಲಿ ಕೇಳುವ ಮೊದಲ ಪ್ರಶ್ನೆ, "ಅಡಕೆ ಸಸಿ ಇದಾವಾ?" ಬಸ್ ಸ್ಟ್ಯಾಂಡಿನ ಎದುರು ಒಂದು ಪಂಪ್‌ಸೆಟ್ ಅಂಗಡಿ, ಅದರ ಮೇಲಿನ ಕೋಣೆಯೇ ನನ್ನ ಆಫೀಸು. ಬೋರ್ಡ್ ನೋಡಿ ಮೆಟ್ಟಿಲು ಹತ್ತಿ ಬರುವವರಲ್ಲಿ ಅರ್ಧ ಜನಕ್ಕೆ ಸ್ಪ್ರಿಂಕ್ಲರ್ ಬೇಕು, ಉಳಿದವರಿಗೆ ಕೆಳಗಿನ ಅಂಗಡಿಯವನು ಊಟಕ್ಕೆ ಹೋದನಾ ಎಂದು ಗೊತ್ತಾಗಬೇಕು. ಅದಕ್ಕೆ ಮುಂಚೆ ಬೇರೆಯವರ ಕೈಕೆಳಗೆ ವರ್ಷಗಟ್ಟಲೆ ರೆಸಾರ್ಟುಗಳಿಗೆ ತೋಟದ ನಕ್ಷೆ ಬರೆದೆ. ಬರೆದದ್ದು ನಾನು, ಬೋರ್ಡಿನಲ್ಲಿ ಹೆಸರು ಅವರದು. ನನ್ನದೇ ಅನ್ನುವ ಒಂದು ತೋಟ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ.

ಆದ್ದರಿಂದ ಶಿಕಾರಿಪುರದ ಮಹಾಂತೇಶ್ ಫೋನ್ ಮಾಡಿದಾಗ ನಾನು ಖುಷಿಯಿಂದ ಎದ್ದು ನಿಂತೇ ಮಾತಾಡಿದೆ. ಅವರದು ಟ್ರ್ಯಾಕ್ಟರ್ ಶೋರೂಮ್. ಅವರ ಮುತ್ತಜ್ಜನ ಕಾಲದವರು ಕಾಳು ವ್ಯಾಪಾರಿಗಳು. ತಾಳಗುಂದದಿಂದ ಸ್ವಲ್ಪ ಒಳಗೆ ಹೋದರೆ ಸಿಗುವ ಹಳ್ಳಿಯಲ್ಲಿ ಅವರು ಕಟ್ಟಿದ ದೊಡ್ಮನೆ ಇದೆ. ಆಳೆತ್ತರದ ಕಲ್ಲಿನ ಜಗಲಿ, ಒಂದು ಮೊಳ ದಪ್ಪದ ಮಣ್ಣಿನ ಗೋಡೆ, ಹಿಂದಿನ ಪಡಸಾಲೆಯುದ್ದಕ್ಕೂ ಕೆತ್ತನೆಯ ಮರದ ಕಂಬಗಳು. ಮಹಾಂತೇಶ್ ದಾಯಾದಿಗಳನ್ನೆಲ್ಲ ಒಪ್ಪಿಸಿ ಮನೆಯನ್ನು ತನ್ನ ಹೆಸರಿಗೆ ಮಾಡಿಕೊಂಡು ರಿಪೇರಿ ಮಾಡಿಸಿದ್ದರು. ಒಂದು ವಿಷಯಕ್ಕೆ ಅವರಿಗೆ ಕೈ ಮುಗಿಯಬೇಕು. ಕಂಬಗಳಿಗೆ ಆಯಿಲ್ ಪೇಂಟ್ ಬಳಿಸಲಿಲ್ಲ, ನೆಲಕ್ಕೆ ಟೈಲ್ಸ್ ಹಾಕಿಸಲಿಲ್ಲ.

"ಮನೆ ಹಳೇದು ಹಂಗೇ ಇರ್ಲಿ ರೀ ಮೇಡಂ," ಅಂದರು ಮೊದಲ ಭೇಟಿಯಲ್ಲೇ. "ತೋಟ ಮಾತ್ರ ಇವತ್ತಿನ ಕಾಲದ್ದಾಗಿರ್ಬೇಕು. ಹಳೇ ಮನೆಗೆ ಹಳೇ ತೋಟ ಹಾಕಿದ್ರೆ ಮ್ಯೂಸಿಯಂ ಆಗ್ತೈತೆ. ದೀಪಾವಳಿಗೆ ನಮ್ಮ ಮನೆತನದವ್ರೆಲ್ಲ ಬರ್ತಾರೆ, ಅಷ್ಟೊತ್ತಿಗೆ ಆಗ್ಬೇಕು."

ಅಯ್ಯಪ್ಪಾ, ಇಂಥ ಮಾತು ಆಡುವ ಗಿರಾಕಿ ಏಳು ಜನ್ಮಕ್ಕೊಬ್ಬ ಸಿಗುತ್ತಾನೆ! ನಾನು ಊಟ ನಿದ್ದೆ ಬಿಟ್ಟು ಬರೆದೆ. ಜಗಲಿಯ ಕಲ್ಲಿನದೇ ಜಾತಿಯ ಕಲ್ಲು ಹಾಸಿದ ನೇರ ದಾರಿಗಳು. ಗುಲಾಬಿ, ಕ್ರೋಟನ್ ಯಾವುದೂ ಬೇಡ, ಗಾಳಿಗೆ ಬಾಗುವ ನಮ್ಮ ಬಯಲಿನ ಎತ್ತರದ ಹುಲ್ಲುಗಳೇ ಸಾಕು. ಹಿಂದೆ, ಪಡಸಾಲೆಗೆ ಎದುರಾಗಿ, ಹಿತ್ತಲಿನಲ್ಲಿ ಒಂದು ಉದ್ದನೆಯ ಕೊಳ. ಕಪ್ಪು ಕಲ್ಲಿನ ತಳ, ಕಾರಂಜಿ ಗೀರಂಜಿ ಏನೂ ಇಲ್ಲದ ನಿಂತ ನೀರು. ಅದರೊಳಗೆ ಆ ಕಂಬಗಳ ಸಾಲು ತಲೆಕೆಳಗಾಗಿ ನಿಲ್ಲಬೇಕು. ಮಹಾಂತೇಶ್ ಆ ಚಿತ್ರವನ್ನು ಕೈಗೆತ್ತಿಕೊಂಡರು. "ಉಳಿದದ್ದು ನಿಮ್ಮಿಷ್ಟ. ಇದು ಮಾತ್ರ ಬೇಕೇ ಬೇಕು," ಅಂದರು. ನನಗೂ ಅದೇ ಬೇಕಾಗಿತ್ತು.

ಮನೆಯ ಮುಂದಿನ ಭಾಗ ಹೇಗೋ ಮುಗಿಯಿತು. ಹೇಗೋ ಎಂದರೆ, ನಾನು ನೆಟ್ಟ ಹುಲ್ಲನ್ನು ಮೊದಲ ವಾರ ಊರಿನ ಆಡುಗಳು ತಿಂದವು. ಎರಡನೇ ಸಲ ನೆಟ್ಟದ್ದನ್ನು ಯಾರೋ ಪುಣ್ಯಾತ್ಮರು ಕಳೆ ಎಂದು ಕಿತ್ತು ಗುಡ್ಡೆ ಹಾಕಿದರು. ಹೊಸ ಕಲ್ಲಿನ ದಾರಿ ಹಾಸಿದ ಮರುದಿನವೇ ಮನೆಗೆಲಸದ ಲೋಕಮ್ಮ ಅದರ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಇಟ್ಟಿದ್ದಳು. "ಕಲ್ಲು ಛಲೋ ಕಾಯ್ತಾವೆ ಅಕ್ಕಾ, ಒಂದೇ ದಿನಕ್ಕೆ ಒಣಗಿದ್ವು!" ಎಂದು ನನಗೇ ಸರ್ಟಿಫಿಕೇಟ್ ಕೊಟ್ಟಳು. ಅತ್ತ ಮಹಾಂತೇಶ್ ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಒಂದೊಂದು ಫೋಟೋ ಕಳಿಸುವರು. ಪ್ಲಾಸ್ಟಿಕ್ ಹುಲ್ಲು, ಬಣ್ಣದ ಲೈಟಿನ ಜಿರಾಫೆ, ಬಾಯಿಂದ ನೀರು ಉಗುಳುವ ಡಾಲ್ಫಿನ್. ಕೆಳಗೆ, "ಇದು ಹೆಂಗೆ ಮೇಡಂ?" ನಾನು ಹಲ್ಲು ಕಚ್ಚಿಕೊಂಡು ಕೈ ಮುಗಿಯುವ ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದೆ. ಇದೆಲ್ಲ ತಡೆದುಕೊಳ್ಳಬಹುದು ಮಾರಾಯ್ರೆ. ಹಿತ್ತಲಿನದು ಮಾತ್ರ ತಡೆದುಕೊಳ್ಳಲಾಗಲಿಲ್ಲ.

ಜಗದಾಂಬಮ್ಮ ಮಹಾಂತೇಶ್ ಅವರ ದೊಡ್ಡವ್ವ, ಅಂದರೆ ತಂದೆಯ ಅಣ್ಣನ ಹೆಂಡತಿ. ಮದುವೆಯಾಗಿ ಆ ಮನೆಗೆ ಬಂದವರು ಮತ್ತೆ ಬಿಟ್ಟು ಕದಲಿಲ್ಲ. ದಾಯಾದಿಗಳು ಒಬ್ಬೊಬ್ಬರೇ ಪೇಟೆ ಸೇರಿದಾಗಲೂ ಹೆಂಚು ತಿರುವಿಸುತ್ತ, ಗೋಡೆಗೆ ಮಣ್ಣು ಮೆತ್ತಿಸುತ್ತ ಮನೆಯನ್ನು ನಿಲ್ಲಿಸಿಕೊಂಡಿದ್ದರು. ಗಂಡ ತೀರಿಕೊಂಡಿದ್ದಾರೆ. ಮಗಳನ್ನು ಶಿರಾಳಕೊಪ್ಪಕ್ಕೆ ಕೊಟ್ಟಿದೆ, ಅವಳು ಎರಡು ದಿನಕ್ಕೊಮ್ಮೆ ಬಂದು ತಾಯಿಯ ಹತ್ತಿರ ಬೈಸಿಕೊಂಡು ಹೋಗುತ್ತಾಳೆ. ಇಡೀ ಕೇರಿಗೆ ಖಾರದಪುಡಿ ಅವರ ಮನೆಯಿಂದಲೇ ಹೋಗಬೇಕು. ನಾಲಿಗೆಯೂ ಹಾಗೆಯೇ ಖಾರ.

ಮೊದಲ ಸಲ ನಾನು ಬಾವಿಯ ಪಕ್ಕದಿಂದ ಕೊಳಕ್ಕೆ ಸುಣ್ಣದ ಗೆರೆ ಎಳೆಸಿದೆ. ಅವರು ಮೊರ ಹಿಡಿದುಕೊಂಡೇ ಹೊರಗೆ ಬಂದರು.

"ಬಾವಿ ಮಗ್ಗುಲಿಗೆ ಬ್ಯಾಡವ್ವ. ಅಲ್ಲಿ ಹುತ್ತ ಇತ್ತು. ಹಾವಿನ ತಂಟೆಗೆ ಹೋಗಬಾರ್ದು."

ಹಾವು ಅಂದ ಮೇಲೆ ಕೂಲಿಯವರು ಗುದ್ದಲಿ ಮುಟ್ಟುತ್ತಾರೆಯೇ? ಸರಿ, ಸೊರಬಕ್ಕೆ ವಾಪಸ್ ಬಂದು ನಕ್ಷೆ ತಿದ್ದಿ, ಕೊಳವನ್ನು ಪೇರಲ ಮರದ ಕಡೆಗೆ ಸರಿಸಿದೆ. ಹೋಗಿ ಗೆರೆ ಎಳೆಸಿದೆ.

"ಪೇರಲ ಬುಡಕ್ಕೆ ಕೈ ಹಚ್ಚಬ್ಯಾಡ. ಕೆಳಗೆ ನೀರಿನ ಸೆಲೆ ಐತೆ, ಕೆಡ್ತದೆ."

"ಹೋದ್ಸಲ ಇಲ್ಲಿ ಮಾಡು ಅಂತ ನೀವೇ ಕೈ ತೋರಿಸಿದ್ರಲ್ಲ ಅಮ್ಮಾ!"

"ತೋರ್ಸಿದ್ದೆ. ಈಗ ಬ್ಯಾಡ ಅನ್ನಿಸ್ತು."

ಅನ್ನಿಸಿತಂತೆ! ಮತ್ತೆ ನಕ್ಷೆ ತಿದ್ದಿದೆ. ಗೋಡೆಯ ಕಡೆ ಸರಿಸಿದೆ. ಗೋಡೆಯ ಕಡೆ ಅಡಿಪಾಯ ಸಡಿಲಾಗುತ್ತದೆ ಅಂದರು. ತಿಪ್ಪೆಯ ಮೂಲೆಗೆ ಹೋದೆ. ಅಲ್ಲಿ ಮಾವನವರು ಕೂತು ಬಿಸಿಲು ಕಾಯಿಸುತ್ತಿದ್ದರು, ಬೇಡ ಅಂದರು. ಒಂದು ದಿನ ಬೇಡ ಅಂದ ಜಾಗ ಮರುವಾರ ಆದೀತು, ಆದೀತು ಅಂದ ಜಾಗ ಸಂಜೆಯ ಹೊತ್ತಿಗೆ ಬೇಡ. ನಾನು ನಡುಮಧ್ಯಾಹ್ನ ಸೊರಬದಿಂದ ಶಿರಾಳಕೊಪ್ಪ ದಾಟಿ ಬರುವುದು, ಬೆವರು ಸುರಿಸಿ ಗೆರೆ ಎಳೆಸುವುದು, ಅವರು ಬರಿಗಾಲಲ್ಲಿ ಬಂದು ಅದನ್ನು ಸವರಿ ಅಳಿಸುವುದು. ಕೂಲಿಯವರು ನನ್ನ ಮುಖ ನೋಡಿ ಮುಸಿಮುಸಿ ನಗುವುದಕ್ಕೆ ಶುರು ಮಾಡಿದರು.

ಮಹಾಂತೇಶ್‌ಗೆ ಫೋನ್ ಮಾಡಿದರೆ ಅವರದೊಂದೇ ರಾಗ. "ದೊಡ್ಡವ್ವಗೆ ಬೇಜಾರಾಗಬಾರ್ದು ನೋಡ್ರಿ. ಆ ಮನೆ ಉಳಿದಿರೋದೇ ಅವರಿಂದ."

"ಹಂಗಾದ್ರೆ ಕೊಳ ಬಿಟ್ಬಿಡಣ ಸರ್."

"ಏ, ಕೊಳ ಬಿಡಕ್ಕಾಗಲ್ಲ ರೀ! ಎಲ್ರಿಗೂ ಹೇಳೀನಿ."

ಹೀಗೆ ಆಡಿದರೆ ಮನುಷ್ಯರು ಎಲ್ಲಿಗೆ ಹೋಗಬೇಕು? ಮನೆಯಲ್ಲಿ ಗಂಡನ ಮೇಲೆ ರೇಗಿದೆ. ಪಂಪ್‌ಸೆಟ್ ಅಂಗಡಿಯವನ ಮೇಲೆ ರೇಗಿದೆ. ಅಡಕೆ ಸಸಿ ಕೇಳಲು ಬಂದ ಒಬ್ಬ ಬಡಪಾಯಿಯನ್ನು ಮೆಟ್ಟಿಲ ತನಕ ಅಟ್ಟಿಸಿಕೊಂಡು ಹೋದೆ.

ಮಳೆಗಾಲ ಹಿಂದೆ ಸರಿದು ಬಿಸಿಲು ಬಿದ್ದ ಒಂದು ದಿನ ನನ್ನ ಸಹನೆ ಮುಗಿಯಿತು. ಹಿತ್ತಲಿನ ನಟ್ಟನಡುವೆ, ಯಾವ ಗೋಡೆ ಮರ ಬಾವಿಯ ಹಂಗೂ ಇಲ್ಲದ ಕಡೆ, ಗೆರೆ ಎಳೆಸಿದ್ದೆ. ಆವತ್ತು ಕೂಲಿಯವರು ಊಟಕ್ಕೆ ಹೋಗಿದ್ದರು. ಲೋಕಮ್ಮ ಒಳಗೆ ಮೆಣಸಿನಕಾಯಿ ಹುರಿಯುತ್ತಿದ್ದಳು, ಘಾಟು ಹಿತ್ತಲಿನ ತನಕ ಬರುತ್ತಿತ್ತು. ಜಗದಾಂಬಮ್ಮ ಬಂದರು, ನಿಂತರು, ನೆಲ ನೋಡಿದರು.

"ಇಲ್ಲೂ ಬ್ಯಾಡ," ಅಂದರು.

ನನ್ನ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ನಕ್ಷೆಯ ಸುರುಳಿಯನ್ನು ನೆಲಕ್ಕೆ ಬಿಸಾಡಿದೆ. "ಎಂತ ನಿಮ್ಮ ಕಥೆ? ಬಾವಿ ಹತ್ರ ಬೇಡ, ಮರದ ಹತ್ರ ಬೇಡ, ನಡೂ ಮಧ್ಯ ಬೇಡ. ಆಕಾಶದಲ್ಲಿ ಕಟ್ಲಾ ಕೊಳನ? ನನ್ನನ್ನ ಎಂತ ಅಂತ ತಿಳ್ಕಂಡಿದೀರಿ ನೀವು? ಬೇರೆ ಕೆಲಸ ಇಲ್ದೆ ಬಂದು ಸಾಯ್ತಿದೀನಾ ಇಲ್ಲಿ?"

ಅವರು ಬಗ್ಗಿ ನಕ್ಷೆ ಎತ್ತಿಕೊಂಡರು, ಮಣ್ಣು ಕೊಡವಿ ನನ್ನ ಕೈಗೆ ಕೊಟ್ಟರು.

"ನಂಗೆ ಜಾಗ ಗೊತ್ತಿದ್ದಿದ್ರೆ, ಇದೊಂದು ಬಿಟ್ಟು ಉಳಿದಿದ್ದೆಲ್ಲ ಅಗ್ಕೊಳ್ಳವ್ವ ಅಂತಿದ್ದೆ."

"ಯಾವ ಜಾಗ?"

"ಕೂಸಿನ ಜಾಗ."

ಪಡಸಾಲೆಯ ಅಂಚಿನಲ್ಲಿ ಕೂತು ಹೇಳಿದರು. ಮಗಳಾದ ಮೇಲೆ ಇನ್ನೊಂದು ಹೆಣ್ಣುಕೂಸು ಹುಟ್ಟಿತ್ತಂತೆ. ತವರಲ್ಲಿ ತಾಯಿ ತೀರಿಕೊಂಡಿದ್ದರಿಂದ ಬಾಣಂತನ ಇದೇ ಮನೆಯಲ್ಲಿ. ಕೂಸಿಗೆ ಲಿಂಗ ಕಟ್ಟಿದ್ದರು, ತೊಟ್ಟಿಲಿಗೆ ಹಾಕಿರಲಿಲ್ಲ, ಹೆಸರಿಟ್ಟಿರಲಿಲ್ಲ. ಇವರಿಗೂ ಜ್ವರ, ಕೂಸಿಗೂ ಜ್ವರ. ಕೂಸು ಹೋಯಿತು. ಮಾವ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಹಿಂದಿನ ಬಾಗಿಲಿನಿಂದ ತಂದು ಹಿತ್ತಲಿನಲ್ಲಿ ಹೂತರು. ಅಷ್ಟು ಸಣ್ಣ ಕೂಸನ್ನು ಹೊಲದ ತನಕ ಒಯ್ಯುತ್ತಿರಲಿಲ್ಲವಂತೆ.

"ನಾನಿದ್ದ ಕ್ವಾಣೆಗೆ ಕಿಟಕಿ ಇರಲಿಲ್ಲ. ಗುದ್ದಲಿ ಸದ್ದು ಮಾತ್ರ ಕೇಳ್ತಿತ್ತು," ಅಂದರು. "ಬಾವಿ ಕಡೆಯಿಂದ ಬಂದಂಗಾತು. ಆಮೇಲೆ ನೆನಸ್ಕೊಂಡ್ರೆ, ಪೇರಲ ಕಡೆಯಿಂದ್ಲೇನೋ ಅನ್ನಿಸ್ತು. ಒಂದೊಂದು ದಿನ ಒಂದೊಂದು ಕಡೆ ಕೇಳ್ತೈತೆ."

"ಯಾರೂ ತೋರಿಸ್ಲಿಲ್ವಾ ನಿಮಗೆ?"

"ತೋರ್ಸೋ ಪದ್ಧತಿ ಇರಲಿಲ್ಲವ್ವ. ಹೆತ್ತೋಳಿಗೆ ಜಾಗ ಗೊತ್ತಾದ್ರೆ ದಿನಾ ಅಲ್ಲೇ ಹೋಗಿ ಕುಂದ್ರತಾಳೆ, ಮುಂದಿನ ಬಸುರು ನಿಲ್ಲಲ್ಲ ಅಂತಿದ್ರು. ಬಾಣಂತಿ ಕ್ವಾಣೆಯಿಂದ ನಾನು ಹೊರಗೆ ಬರೋ ಹೊತ್ತಿಗೆ ಹಿತ್ತಲು ಪೂರ್ತಿ ಸಗಣಿ ಹಾಕಿ ಸಾರಿಸಿಬಿಟ್ಟಿದ್ರು. ಗುರುತು ಸಿಗಬಾರ್ದು ಅಂತ."

"ಆಮೇಲಾದ್ರೂ ಕೇಳಬಹುದಿತ್ತಲ್ಲ ಅಮ್ಮಾ?"

"ಮಾವನೋರ ಎದುರಿಗೆ ಸೊಸೆ ಬಾಯಿ ಬಿಡೋ ಕಾಲನಾ ಅದು? ಯಜಮಾನ್ರನ್ನ ಒಂದ್ಸಲ ಕೇಳಿದೆ. 'ಮರ್ತುಬಿಡು' ಅಂದ್ರು. ಇಬ್ರೂ ಹೋದ್ರು. ಈಗ ಯಾರನ್ನ ಕೇಳ್ಲಿ?"

ಆಗ ಹಿತ್ತಲನ್ನು ಸರಿಯಾಗಿ ನೋಡಿದೆ. ಇಷ್ಟು ದಿನ ಓಡಾಡಿದರೂ ನನ್ನ ಕಣ್ಣಿಗೆ ಬೀಳದೆ ಇದ್ದದ್ದು ಅಂದು ಬಿತ್ತು. ಅಷ್ಟು ದೊಡ್ಡ ಹಿತ್ತಲಿನಲ್ಲಿ ಒಂದು ಬಾಳೆ ಇಲ್ಲ, ಒಂದು ಬದನೆ ಸಾಲಿಲ್ಲ. ಕರಿಬೇವು, ತುಳಸಿ, ಮೆಣಸಿನ ಗಿಡ ಎಲ್ಲವೂ ಎಣ್ಣೆ ಡಬ್ಬಿಗಳಲ್ಲಿ ಗೋಡೆಯ ಸಾಲಿಗೆ ಇದ್ದವು. ಅರ್ಧ ಶತಮಾನ ಆ ಹೆಂಗಸು ಆ ನೆಲಕ್ಕೆ ಒಂದು ಸಲವೂ ಗುದ್ದಲಿ ಹಾಕಲು ಬಿಟ್ಟಿರಲಿಲ್ಲ.

"ಮಹಾಂತೇಶಗೆ ಹೇಳಬ್ಯಾಡ," ಅಂದರು. "ಅವನು ಒಳ್ಳೇನು. ಅದಕ್ಕೇ ನಂಗೆ ಭಯ. ನಾಳೇನೇ ಸ್ವಾಮಿಗಳನ್ನ ಕರೆಸ್ತಾನೆ, ಮಾರ್ಬಲ್ ಹಾಕಿ ಗದ್ದಿಗೆ ಕಟ್ಟಿಸ್ತಾನೆ, ಸುತ್ತ ಲೈಟ್ ಬಿಡಿಸ್ತಾನೆ. ಹೆಸರಿಲ್ಲದ ಕೂಸು ಅದು. ಬಂದೋರೆಲ್ಲ ನಿಂತು ನೋಡೋದು ಬ್ಯಾಡ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ಕಾರಿನಲ್ಲಿ ಕೂತು ಅತ್ತೆ, ಆಮೇಲೆ ಸಿಟ್ಟು ಬಂತು. ಸತ್ತುಹೋದ ಆ ಮಾವನ ಮೇಲೆ, 'ಮರ್ತುಬಿಡು' ಅಂದ ಆ ಯಜಮಾನರ ಮೇಲೆ ಸಿಟ್ಟು. ನಿಜ ಹೇಳಬೇಕೆಂದರೆ ಜಗದಾಂಬಮ್ಮನ ಮೇಲೂ ಸಿಟ್ಟು. ಹೇಳದೆ ಇದ್ದಿದ್ದರೆ ಅವರನ್ನು ಬೈದುಕೊಂಡು ಆರಾಮಾಗಿ ಇರುತ್ತಿದ್ದೆ. ಈಗ ಆ ಕೊಳವನ್ನು ನಾನೇ ಕೊಲ್ಲಬೇಕು. ಯಾಕೆ ಕೊಂದೆ ಎಂದು ಯಾರಿಗೂ ಹೇಳುವ ಹಾಗಿಲ್ಲ.

ಹೊಸ ನಕ್ಷೆ ಬರೆದೆ. ಒಂದು ಗೇಣು ನೆಲವನ್ನೂ ಅಗೆಯದ ತೋಟ. ಕೆರೆಯ ಹೂಳು ತಂದು ಇರುವ ನೆಲದ ಮೇಲೆ ಹರಡುವುದು, ಕಲ್ಲುಗಳನ್ನು ಸುಮ್ಮನೆ ಮೇಲೆ ಇಡುವುದು, ಹುಲ್ಲುಗಳಿಗೆ ಬೇಕಾದಷ್ಟೇ ಮಣ್ಣಿನ ದಿಬ್ಬ. ನೀರು ಇರಲೇಬೇಕೆಂದರೆ ಹಳೆಯ ಕಲ್ಲುಬಾನಿಗಳನ್ನು ಸಾಲಾಗಿ ಇಡುವುದು. ಬರೆಯುತ್ತ ಬರೆಯುತ್ತ ಅದು ನನಗೆ ಹಿಡಿಸಿಯೂ ಬಿಟ್ಟಿತು. ಮೊದಲಿನದಕ್ಕಿಂತ ಇದೇ ಆ ಮನೆಗೆ ಒಪ್ಪುತ್ತದೆ ಅನ್ನಿಸಿತು. ಹುಮ್ಮಸ್ಸಿನಿಂದ ಶಿಕಾರಿಪುರಕ್ಕೆ ಹೋಗಿ ಶೋರೂಮಿನಲ್ಲಿ ಟ್ರ್ಯಾಕ್ಟರುಗಳ ನಡುವೆ ಹಾಳೆ ಬಿಡಿಸಿದೆ.

ಮಹಾಂತೇಶ್ ಹಾಳೆ ನೋಡಿದರು, ನನ್ನ ಮುಖ ನೋಡಿದರು. "ಕೊಳ ಎಲ್ಲೈತ್ರೀ?"

"ಕೊಳ ಬೇಡ ಸರ್. ಮಣ್ಣಿನ ಗೋಡೆ, ತಳಕ್ಕೆ ನೀರು ಇಳಿದ್ರೆ ಕಷ್ಟ."

"ಇದನ್ನ ಆವತ್ತೇ ಯಾಕೆ ಹೇಳಲಿಲ್ಲ?"

"ಈಗ ಗೊತ್ತಾಯ್ತು," ಅಂದೆ. ನನ್ನ ಕಿವಿಗೇ ಅದು ಅಸಹ್ಯವಾಗಿ ಕೇಳಿಸಿತು.

"ಇಂಜಿನಿಯರ್ ಹತ್ರ ನಾನೂ ಕೇಳೀನಿ ಮೇಡಂ. ಪಡಸಾಲೆ ಬಿಟ್ಟು ಅಷ್ಟು ದೂರ ಇದ್ರೆ ಏನೂ ಆಗಲ್ಲ ಅಂತ ಅಂದಾರೆ. ಕಂಬ ನೀರಾಗೆ ತಲೆಕೆಳಗೆ ಕಾಣ್ಬೇಕು ಅಂತ ನನ್ನ ತಲೆಗೆ ತುಂಬಿದ್ದೇ ನೀವು. ಈಗ ಬಾನಿ ಇಡ್ತೀನಿ ಅಂತೀರಲ್ಲ, ದನಕ್ಕೆ ನೀರು ಕುಡಿಸಕ್ಕಾ?"

"ಸರ್, ನನ್ನ ಮಾತು ಕೇಳಿ. ಅಲ್ಲಿ ಅಗೆಯದು ಬೇಡ."

"ಯಾಕೆ ಅಂತ ಹೇಳ್ರಿ, ಕೇಳ್ತೀನಿ."

ಮಾತು ಕೊಟ್ಟಾಗಿತ್ತು. ಅವರು ಒಂದೊಂದಾಗಿ ಕೇಳಿದರು. ದೊಡ್ಡವ್ವ ಏನಾದರೂ ಅಂದರಾ? ಇಲ್ಲ. ಬೇರೆ ಕಡೆ ದೊಡ್ಡ ಕೆಲಸ ಸಿಕ್ಕಿತಾ? ಇಲ್ಲ. ಮಾಡಲು ಬರುವುದಿಲ್ಲವಾ? ಆ ಪ್ರಶ್ನೆಗೆ ಮಾತ್ರ ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಹಾಳೆಯನ್ನು ಮತ್ತೆ ಸುರುಳಿ ಸುತ್ತಿದೆ. ಅವರು ಬೇಜಾರಿನಿಂದಲೇ ಹೇಳಿದರು, ಶಿವಮೊಗ್ಗದಲ್ಲಿ ಇಂಥ ಕೆಲಸ ಮಾಡುವವರು ಇದ್ದಾರೆ, ಹಿತ್ತಲಿನ ಕೆಲಸ ಅವರಿಗೆ ಕೊಡುತ್ತೇನೆ, ಮುಂದಿನ ಭಾಗ ನಿಮ್ಮದೇ ಇರಲಿ ಎಂದು. ಅಂದರೆ ನನ್ನ ತೋಟದ ಅರ್ಧಕ್ಕೆ ಮತ್ತೆ ಬೇರೆಯವರ ಹೆಸರು.

ಶಿರಾಳಕೊಪ್ಪದ ತನಕ ಬೈದುಕೊಳ್ಳುತ್ತಲೇ ಬಂದೆ. ಯಾರನ್ನು ಎಂದು ಕೇಳಬೇಡಿ. ಮಾರನೆಯ ದಿನ ಆ ಹಳ್ಳಿಗೆ ಹೋಗಿ ಜಗದಾಂಬಮ್ಮನಿಗೆ ಎಲ್ಲ ಹೇಳಿದೆ. "ನನ್ನ ಕೈಲಿ ಆಗಲಿಲ್ಲ ಅಮ್ಮಾ. ನೀವೇ ಒಂದು ಮಾತು ಹೇಳಿ ಅವರಿಗೆ, ಇಲ್ಲಾಂದ್ರೆ ಅವರು ಅಗೆಸೇ ಅಗೆಸ್ತಾರೆ," ಅಂದೆ. ಅವರು ಸುಮ್ಮನೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದರು. "ನೋಡೋಣ," ಅಂದರು ಅಷ್ಟೇ.

ವಾರವೂ ಆಗಿರಲಿಲ್ಲ, ಲೋಕಮ್ಮ ಫೋನ್ ಮಾಡಿದಳು. "ಅಕ್ಕಾ, ಜೆಸಿಬಿ ಬಂದೈತೆ. ಹಿತ್ತಲು ಅಗೀತಿದಾರೆ."

ಹೇಗೆ ಹೋದೆನೋ ಗೊತ್ತಿಲ್ಲ. ಹಿಂದಿನ ಕಾಂಪೌಂಡು ಒಡೆದು ದಾರಿ ಮಾಡಿದ್ದರು. ಹಿತ್ತಲಿನ ನಡುವೆ ಎದೆಮಟ್ಟದ ಗುಂಡಿ, ನಾನೇ ಬರೆದ ಅದೇ ಉದ್ದ ಅಗಲ. ಪಕ್ಕದಲ್ಲಿ ಕೆಮ್ಮಣ್ಣಿನ ರಾಶಿ. ನಾನು ಕೂಗುತ್ತಲೇ ಓಡಿದೆ. "ಏಯ್, ನಿಲ್ಸು! ನಿಲ್ಸು ಅಂದ್ನಲ್ಲ!"

ಡ್ರೈವರ್ ಕೊಟ್ರೇಶ್ ಎಂಜಿನ್ ನಿಲ್ಲಿಸಿ ಹೊರಗೆ ಬಗ್ಗಿದ. "ನಂದೇನಿಲ್ಲಕ್ಕಾ. ಅಮ್ಮಾರೇ ಅಗಿ ಅಂತಿರೋದು."

ಜಗದಾಂಬಮ್ಮ ಗುಂಡಿಯ ಒಳಗೇ ಇದ್ದರು. ಸೀರೆ ಎತ್ತಿ ಸಿಕ್ಕಿಸಿಕೊಂಡು, ಜೆಸಿಬಿ ತೋಡಿದ ಇಳಿಜಾರಿನ ಬುಡದಲ್ಲಿ, ಒಂದು ಹಿಡಿ ಮಣ್ಣನ್ನು ಬೆರಳಲ್ಲಿ ಪುಡಿ ಮಾಡಿ ನೋಡುತ್ತಿದ್ದರು. ಮೊಣಕೈ ತನಕ ಕೆಂಪಾಗಿತ್ತು. ನಾನು ಇಳಿದು ಹೋಗಿ ರಟ್ಟೆ ಹಿಡಿದುಕೊಂಡೆ.

"ಎಂತ ಮಾಡ್ತಿದೀರಿ ಅಮ್ಮಾ? ಅಗೀಬಾರ್ದು ಅಂತ ನೀವೇ ಅಲ್ವಾ..."

"ನಿಂಗೆ ಹೇಳಿದ್ದೇ ತಪ್ಪಾತು ನೋಡು," ಅಂದರು, ಕೈ ಬಿಡಿಸಿಕೊಳ್ಳದೆ. "ಬಾಯಿ ಮುಚ್ಕೊಂಡಿರೋ ತನಕ ತಡಕೊಂಡಿದ್ದೆ. ಬಾಯಿ ಬಿಟ್ಟ ಮ್ಯಾಲೆ ನಿದ್ದೆನೇ ಬರಲಿಲ್ಲ. ಮಹಾಂತೇಶ ಫೋನ್ ಮಾಡಿದ, ಕಳಿಸ್ಲಾ ದೊಡ್ಡವ್ವ ಅಂದ. ಕಳಿಸು ಅಂದೆ. ಎಲ್ಲೈತೆ ಅಂತನಾದ್ರೂ ಗೊತ್ತಾಗ್ಲಿ. ಸಾಯೋದ್ರಾಗೆ ಒಂದ್ಸಲ ನೋಡ್ತೀನಿ."

"ಸಿಕ್ತಾ?" ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು.

"ಇಲ್ಲ. ಇಲ್ಲೆಲ್ಲೂ ಇಲ್ಲ." ಗುಂಡಿಯ ಅಂಚಿಗೆ ಕೈ ತೋರಿಸಿದರು. "ಕೊಟ್ರೇಶಾ, ಬಾವಿ ಕಡೆ ಹೋಗಪ್ಪ. ಅಲ್ಲೊಂದು ಸ್ವಲ್ಪ ಅಗಿ. ಅಲ್ಲಿಲ್ಲ ಅಂದ್ರೆ ಪೇರಲ ಬುಡ ನೋಡಾಣ."

ಕೊಟ್ರೇಶ್ ನನ್ನ ಮುಖ ನೋಡಿದ. ನಾನು ಬೇಡ ಎಂದು ತಲೆಯಾಡಿಸಿದೆ. ಅಷ್ಟು ಎಳೆಯ ಕೂಸಿನದು ಇಷ್ಟು ವರ್ಷ ಈ ಮಣ್ಣಿನಲ್ಲಿ ಏನೂ ಉಳಿದಿರುವುದಿಲ್ಲ. ಹಿತ್ತಲು ಪೂರ್ತಿ ಬಗೆದು ಹಾಕಿದರೂ ಸಿಗುವುದಿಲ್ಲ. ಅದನ್ನು ಅವರಿಗೆ ಹೇಗೆ ಹೇಳಲಿ? ಹೇಳಿದರೆ ಇವತ್ತೇ ಎರಡನೇ ಸಲ ಕಳೆದುಕೊಂಡ ಹಾಗೆ. ಹೇಳದಿದ್ದರೆ ಸಂಜೆಯ ತನಕ ಇಲ್ಲಿ ಅಗಿ, ಅಲ್ಲಿ ಅಗಿ ಎಂದು ಒದ್ದಾಡುತ್ತಾರೆ. ಕಿಸೆಯಲ್ಲಿ ಫೋನ್ ಹೊಡೆದುಕೊಂಡಿತು. ಮಹಾಂತೇಶ್. "ನೋಡಿದ್ರಾ ಮೇಡಂ, ದೊಡ್ಡವ್ವನೇ ಒಪ್ಪಿದ್ರು! ನೀವೇ ಸುಮ್ನೆ ಹೆದರಿಸಿದ್ರಿ. ಬರ್ರಿ, ನೀವೇ ಮುಗಿಸಿಕೊಡ್ರಿ," ಅಂದರು ಸಂತೋಷದಿಂದ. ನನ್ನ ಕೊಳ ನನಗೆ ವಾಪಸ್ ಬಂದಿತ್ತು. ಥೂ ಅನ್ನಿಸಿತು. ಆಮೇಲೆ ಮಾತಾಡುತ್ತೇನೆ ಎಂದು ಫೋನ್ ಇಟ್ಟೆ.

ಆಗ ಗುಂಡಿಯ ಗೋಡೆಯಲ್ಲಿ, ನನ್ನ ಸೊಂಟದ ಎತ್ತರಕ್ಕೆ, ಒಂದು ಕಪ್ಪು ತೇಪೆ ಕಂಡಿತು. ಸುತ್ತ ಗಟ್ಟಿ ಕೆಮ್ಮಣ್ಣು, ನಡುವೆ ಒಂದು ಮೊರದಷ್ಟು ಅಗಲ ಸಡಿಲವಾದ ಕಪ್ಪು ಮಣ್ಣು. ಯಾವತ್ತೋ ಅಗೆದು ಮುಚ್ಚಿದರೆ ಹೀಗೆ ಕಾಣುತ್ತದೆ. ಮರದ ಬೇರು ಕೊಳೆತರೂ ಹೀಗೇ ಕಾಣುತ್ತದೆ. ಹೆಗ್ಗಣದ ಬಿಲಕ್ಕೆ ಕಸ ತುಂಬಿದರೂ ಅಷ್ಟೇ. ನನ್ನ ಕೆಲಸದಲ್ಲಿ ಇಂಥವು ಎಷ್ಟೋ ನೋಡಿದ್ದೇನೆ.

"ಅಮ್ಮಾ," ಅಂದೆ. "ಇಲ್ಲಿ ನೋಡಿ. ಇಲ್ಲೇ."

ಅವರು ತಿರುಗಿದರು. ಒಂದೊಂದೇ ಹೆಜ್ಜೆ ಇಟ್ಟು ಹತ್ತಿರ ಬಂದರು.

"ನಿಂಗೆ ಹೆಂಗೆ ಗೊತ್ತಾತು?"

"ಒಂದ್ಸಲ ಅಗೆದ ಮಣ್ಣು ಮತ್ತೆ ಮೊದಲಿನ ಹಂಗೆ ಕೂರಲ್ಲ ಅಮ್ಮಾ. ಬಣ್ಣ ನೋಡಿ, ಬೇರೆ ಇದೆ. ಇಲ್ಲಿ ಯಾರೋ ಅಗೆದು ಮುಚ್ಚಿದಾರೆ."

"ಯಾತಕ್ಕೆ ಅಗೆದಿದ್ರು ಅನ್ನೋದೂ ಗೊತ್ತಾಗ್ತದಾ?"

ಇಷ್ಟು ಸೂಕ್ಷ್ಮವಾಗಿ ಕೇಳಿದರೆ ನಾನೇನು ಮಾಡಲಿ! "ಗೊತ್ತಾಗತ್ತೆ," ಅಂದೆ. "ಕಸಕ್ಕೆ ಆದ್ರೆ ಹಿಂಗೆ ಇರಲ್ಲ. ಇದು ಅದೇ. ನನಗೆ ಗೊತ್ತು."

ಜಗದಾಂಬಮ್ಮ ಆ ತೇಪೆಯ ಹತ್ತಿರ ಬಗ್ಗಿದರು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, ಅಂಗೈಯನ್ನು ಬಿಡಿಸಿ ಮೆಲ್ಲಗೆ ಅದರ ಮೇಲೆ ಇಟ್ಟರು. ಮೇಲೆ ಕೊಟ್ರೇಶ್ ಏನೂ ಅರ್ಥವಾಗದೆ ಸೀಟಿನಲ್ಲಿ ಕೂತಿದ್ದ.

"ಸುಳ್ಳು ಹೇಳಕ್ಕೂ ಬರಲ್ಲವ್ವ ನಿಂಗೆ," ಅಂದರು, ನನ್ನ ಕಡೆ ತಿರುಗದೆ.

ಕೈಯನ್ನು ಮಾತ್ರ ಅಲ್ಲಿಂದ ತೆಗೆಯಲಿಲ್ಲ.